ಪಾಲ್ಪಾದ ಒರತೆಗೆ ಗಾರೆ ಹಚ್ಚಿದ್ದು

೧೯೯೧ರಲ್ಲಿ ಏಳನೇ ಇಯತ್ತೆಯ ನಡುವೆ ಶಾಲೆ ಬಿಟ್ಟೆ. ಮಾಗೋಡಿನ ಹತ್ತಿರ ಒಬ್ಬ ಗೌಂಡಿಯ ಕೈಕೆಳಗೆ ಸಿಮೆಂಟು ಕಲೆಸಲು ನಿಂತವನು ಬೇಗನೇ ಕರಣೆ ಹಿಡಿದೆ. ಯಲ್ಲಾಪುರ, ಶಿರಸಿ, ಸಿದ್ದಾಪುರ ಈ ಮೂರೂ ತಾಲೂಕಿನಲ್ಲಿ ನಾನು ಗಾರೆ ಹಚ್ಚಿದ ಒಂದು ನೀರಿನ ಟಾಕಿ ಸೋರಿದ್ದನ್ನು ಯಾರಾದರೂ ತೋರಿಸಲಿ. ಇದನ್ನು ಜಂಬವೆಂದರೂ ಅಡ್ಡಿಯಿಲ್ಲ. ಆ ಹೆಸರಿನಿಂದಲೇ ಹೋದ ವರ್ಷ ನೇಪಾಳಕ್ಕೆ ಹೋಗುವಂತಾಯಿತು.

ಕರೆದವರು ಹುಲೇಕಲ್ ಕಡೆಯ ಭಟ್ರು. ನೀರು ಸರಬರಾಜಿನ ಕೆಲಸದಲ್ಲಿದ್ದು ನಿವೃತ್ತರಾದವರು. ಈಗ ಗುಡ್ಡಗಾಡಿನ ಹಳ್ಳಿಗಳಿಗೆ ಕುಡಿಯುವ ನೀರು ಇಳಿಸುವ ಒಂದು ಸಂಸ್ಥೆಯ ಜೊತೆ ಪುಕ್ಕಟೆ ದುಡಿಯುತ್ತಾರೆ. "ಮಂಜುನಾಥ, ಸಂಬಳ ಇಲ್ಲ. ದಾರಿ ಖರ್ಚು, ಊಟ ಅವರದ್ದು. ಬರ್ತ್ಯಾ?" ಎಂದರು. ಹೆಂಡತಿ ಚಹಾ ತರುವುದರೊಳಗೆ ಹೂಂ ಎಂದುಬಿಟ್ಟೆ.

"ನಮ್ಮ ಮನೆ ನಳಕ್ಕೆ ದಿನಾ ನೀರು ಬರೂದಿಲ್ಲ. ನೀವು ಹೊರದೇಶದವ್ರಿಗೆ ನೀರು ಕುಡಿಸೂಕೆ ಹೊಂಟ್ರಿ," ಎಂದಳು ಪದ್ಮಾ.

ಮಾರ್ಚ್ ಕೊನೆಯಲ್ಲಿ ಹೊರಟೆವು. ಯಲ್ಲಾಪುರದಿಂದ ಹುಬ್ಬಳ್ಳಿ ಎಪ್ಪತ್ತು ಕಿಲೋಮೀಟರ್. ಅಲ್ಲಿಯವರೆಗೆ ನನಗೆ ಧೈರ್ಯವಿತ್ತು. ರೈಲು ಮಹಾರಾಷ್ಟ್ರ ದಾಟಿದ ಮೇಲೆ ಅದು ಕರಗತೊಡಗಿತು. ಕಿಟಕಿಯಲ್ಲಿ ಗೋಧಿ ಹೊಲ ಬಿಟ್ಟರೆ ಬೇರೇನೂ ಇಲ್ಲ, ನನಗೆ ಹಿಂದಿ ಅಷ್ಟಕ್ಕಷ್ಟೆ. ರೈಲು ಬದಲಿಸಿ ಗೋರಖಪುರ ಮುಟ್ಟಿ, ಅಲ್ಲಿಂದ ಬಸ್ಸಿನಲ್ಲಿ ತೊಂಬತ್ತು ಚಿಲ್ಲರೆ ಕಿಲೋಮೀಟರ್ ಧೂಳು ಕುಡಿದು ಸೋನೌಲಿ ಗಡಿಗೆ ಬಂದೆವು. ನಮ್ಮ ನೂರು ರೂಪಾಯಿಗೆ ಅವರ ನೂರಾ ಅರವತ್ತು. ಮತದಾರರ ಚೀಟಿ ತೋರಿಸಿದರೆ ಸಾಕು ಎಂದು ಭಟ್ರು ಹೇಳಿದ್ದರು. ಆದರೆ ಪೊಲೀಸರು ನನ್ನ ಚೀಲ ಬಿಚ್ಚಿ ಉಳಿ, ಸುತ್ತಿಗೆ, ತೂಗುಗುಂಡು ಒಂದೊಂದೇ ಮೇಜಿನ ಮೇಲಿಟ್ಟರು. ಭಟ್ರು "ಮಿಸ್ತ್ರಿ, ಮಿಸ್ತ್ರಿ" ಎಂದರು. ಒಬ್ಬ ಪೊಲೀಸ್ ನನ್ನ ಅಂಗೈ ಮುಟ್ಟಿ ನೋಡಿ, ನಕ್ಕು, ಹೋಗು ಎಂದ.

ಗಡಿ ದಾಟಿ ಗುಡ್ಡದ ಬುಡದ ಬುಟ್ವಲ್ ಪೇಟೆ ಮುಟ್ಟಿದೆವು. ಅಲ್ಲಿಂದ ಪಾಲ್ಪಾ ಜಿಲ್ಲೆಯ ತಾನ್ಸೇನ್ ಪೇಟೆಗೆ ಸುಮಾರು ನಲವತ್ತು ಕಿಲೋಮೀಟರ್, ಎಲ್ಲ ಏರು. ಒಂದು ಕಡೆ ಗುಡ್ಡದಿಂದ ಕಲ್ಲು ಉರುಳುವ ಜಾಗ. ಡ್ರೈವರ್ ತಲೆ ಹೊರಹಾಕಿ ಮೇಲೆ ನೋಡಿ ಗಾಡಿ ಓಡಿಸಿದ. ಅರಬೈಲ್ ಘಟ್ಟ ಇಳಿದು ಹತ್ತಿದವನು ನಾನು, ಆದರೂ ಕಣ್ಣು ಮುಚ್ಚಿಕೊಂಡೆ. ತಾನ್ಸೇನ್‌ನಿಂದ ಮುಂದೆ ಜೀಪು, ಜೀಪು ನಿಂತ ಮೇಲೆ ನಡಿಗೆ.

ಹಳ್ಳಿಯ ಬಾಯಲ್ಲಿ ಒಬ್ಬ ಗಿಡ್ಡ ಮನುಷ್ಯ ಕೈಮುಗಿದು ನಿಂತಿದ್ದ. "ಬರ್ರಿ ಬರ್ರಿ! ದಾರಿ ಹೆಂಗಾತ್ರಿ? ಮೊದ್ಲ ಚಾ ಕುಡೀರಿ," ಎಂದ. ಚೀಲ ನನ್ನ ಹೆಗಲಿನಿಂದ ಜಾರಿ ಬಿತ್ತು. ಅವನ ಹೆಸರು ಟೇಕ್ ಬಹಾದ್ದೂರ್. ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ಹನ್ನೆರಡು ವರ್ಷ ಜೋಳದ ರೊಟ್ಟಿ ಬಡಿದವನು. ನಾವು ಉಳಿದದ್ದು ಅವನ ಮನೆಯಲ್ಲೇ. ಅವನ ತಾಯಿಯನ್ನು ಊರೆಲ್ಲ ಆಮಾ ಎನ್ನುತ್ತಿತ್ತು, ನಾವೂ ಆಮಾ ಎಂದೆವು. ಅನ್ನ, ಬೇಳೆಕಟ್ಟು, ಬಟಾಟೆ ಹಾಕಿದ ಮೊಸರು ಬಜ್ಜಿಯಂಥ ಚುಕೌನಿ ಬಡಿಸಿದಳು. ಮೂರು ಸಲ ಹಾಕಿಸಿಕೊಂಡೆ.

ಊರಿಗೆ ಇದ್ದದ್ದು ಒಂದೇ ಒರತೆ. ಮೇಲಿನ ಗುಡ್ಡದ ಮಡಿಲಲ್ಲಿ ಕಲ್ಲಿನ ಸಂದಿಯಿಂದ ಹೆಬ್ಬೆರಳು ಗಾತ್ರ ನೀರು ಬರುತ್ತಿತ್ತು. ಎಮ್ಮೆಗಳು ಅಲ್ಲೇ ಹೊರಳುತ್ತಿದ್ದವು, ಮಕ್ಕಳಿಗೆ ಆಗಾಗ ಭೇದಿ. ಅದು ಬಿಟ್ಟರೆ ನೀರಿಗೆ ಕೆಳಗಿನ ಹೊಳೆ. ಕೊಡ ಹೊತ್ತು ಹತ್ತಿದರೆ ಒಂದು ತಾಸಿನ ದಾರಿ. ನಮ್ಮ ಕೆಲಸ ಒರತೆಗೆ ಕಲ್ಲಿನ ಗೂಡು ಕಟ್ಟಿ ಮುಚ್ಚಿ, ಪೈಪಿನಲ್ಲಿ ಏಳು ನಳಕ್ಕೆ ನೀರು ಇಳಿಸುವುದು. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರೇ ಬಲ. ಪೈಪು ಹೂಳುವುದನ್ನು ಊರವರು ಮುಗಿಸಿದ್ದರು. ನಾನು ಮೊದಲ ವಾರ ನಳದ ಕಂಬಗಳನ್ನು ಕಟ್ಟಿದೆ. ಎಲ್ಲಕ್ಕಿಂತ ಮೇಲಿನದು ಆಮಾನ ಅಂಗಳದ್ದು.

ಒರತೆಗೆ ಕೈ ಹಾಕುವ ದಿನ ಆಮಾ ಬಂದು ಅಡ್ಡ ನಿಂತಳು. ಸಂದಿಯ ಪಕ್ಕದಲ್ಲಿ ಕುಂಕುಮ ಮೆತ್ತಿದ ಒಂದು ಕಲ್ಲಿತ್ತು. ಟೇಕ್ ತಲೆ ಕೆರೆದುಕೊಂಡು ಹೇಳಿದ: "ನಮ್ಮವ್ವ ಅಂತಾಳ್ರಿ, ಇಲ್ಲಿ ನಾಗಪ್ಪ ಅದಾನಂತ. ಸಿಮೆಂಟ್ ಬಡದ್ರ ಎದ್ದು ಹೋಗ್ತಾನಂತ. ಅವ ಹ್ವಾದ್ರ ನೀರೂ ಹೋತಂತ."

ನಾನು ಕರಣೆ ಕೆಳಗಿಟ್ಟೆ. ನಮ್ಮೂರ ನಾಗಬನದಲ್ಲಿ ಒಂದು ಕಡ್ಡಿ ಮುರಿಯಲು ಇವತ್ತಿಗೂ ನನಗೆ ಕೈ ಬರುವುದಿಲ್ಲ. ಭಟ್ರು ಹಾಲು ತರಿಸಿ ಕಲ್ಲಿಗೆ ಎರೆದರು, ಆಮಾನಿಂದಲೂ ಎರೆಸಿದರು. ಆಮೇಲೆ ನನ್ನನ್ನು ಬದಿಗೆ ಕರೆದರು. "ನೋಡು, ಹಿಂದಿನ ಗೋಡೆಗೆ ಬರೀ ಕಲ್ಲು ಇಡು, ಗಾರೆ ಬೇಡ. ನೀರಿಗೆ ಉಸಿರಾಡೂಕೆ ಜಾಗ ಬೇಕು. ಮುಂದಿನ ಗೋಡೆ ಮಾತ್ರ ಗಟ್ಟಿ ಮಾಡು." ಹೀಗೆ ಹೇಳಿ, ಕಡಿಮೆ ಬಿದ್ದ ವಾಲ್ವುಗಳನ್ನು ತರಲು ತಾನ್ಸೇನ್‌ಗೆ ಇಳಿದರು.

ಅವರು ಹೇಳಿದಂತೆಯೇ ಕಲ್ಲು ಇಟ್ಟೆ. ಇಟ್ಟು ನೋಡಿದರೆ ಸಂದಿಸಂದಿಯಲ್ಲಿ ಮಣ್ಣು ಇಳಿಯುತ್ತಿತ್ತು, ಎರೆಹುಳ ಬರುತ್ತಿತ್ತು. ಇದು ಮಂಜುನಾಥ ಗೌಂಡಿಯ ಕೆಲಸವೇ? ನಾಳೆ ಇದನ್ನು ನೋಡಿದವರು ಏನೆಂದಾರು? ನೀರು ಬರುವ ಕಲ್ಲಿನ ಸಂದಿಗೆ ಅಂಗೈಯಗಲ ಬಿಟ್ಟು ಉಳಿದದ್ದಕ್ಕೆಲ್ಲ ಗಾರೆ ಹೊಡೆದೆ. ಕೈಯಾಡಿಸಿದರೆ ಕನ್ನಡಿ. ಊರವರು ಬಂದು ಮುಟ್ಟಿ ನೋಡಿ ತಲೆದೂಗಿದರು.

ಮಾರನೆಯ ಬೆಳಿಗ್ಗೆ ನೀರು ಕಿರುಬೆರಳಿನಷ್ಟಾಗಿತ್ತು. ಬಿಸಿಲಿಗೆ ಹೀಗಾಗಿದೆ ಅಂದುಕೊಂಡೆ. ಸಂಜೆಗೆ ತೊಟ್ಟಿಕ್ಕತೊಡಗಿತು. ಅದರ ಮಾರನೆಯ ದಿನ ಅದೂ ನಿಂತಿತು.

ಹೆಂಗಸರು ಗಾಗ್ರಿ ಎಂಬ ತಾಮ್ರದ ಕೊಡ ಹಿಡಿದು ಬಂದರು, ನೋಡಿದರು, ಹೊಳೆಯ ದಾರಿ ಹಿಡಿದರು. ಬೈದಿದ್ದರೆ ಹಗುರಾಗುತ್ತಿತ್ತು. ಬೈದವನು ಟೇಕ್ ಒಬ್ಬನೇ. "ಏನ್ರೀ ಗೌಂಡಿ ಅಣ್ಣಾರ, ನಿಮ್ಮ ಟಾಕಿ ಸೋರೂದಿಲ್ಲಂತ ಹೇಳಿದ್ರಿ. ಖರೇನ ಐತ್ರಿ, ಒಂದು ಹನಿನೂ ಸೋರವಲ್ದು!" ನಗಿಸಲು ಅಂದನೋ ಚುಚ್ಚಲು ಅಂದನೋ, ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವನ ಹೆಂಡತಿಯೂ ಹೊಳೆಗೆ ಹೋಗಿದ್ದಳು.

ಭಟ್ರಿಗೆ ಫೋನು ಮಾಡಿದೆ. "ಹಿಂದಿನ ಗೋಡೆಗೆ ಗಾರೆ ಹೊಡದ್ಯಾ?" ಎಂದು ಕೇಳಿದರು. ಹೂಂ ಎಂದೆ. "ಒಡಿ. ಈಗಲೇ ಒಡಿ."

ಎಲ್ಲರ ಎದುರು ನನ್ನ ಕೈಯಿಂದಲೇ ಒಡೆದೆ. ಗಾರೆ ಹಾಳಾದದ್ದು ಭಾರಿ ಗಟ್ಟಿಯಾಗಿತ್ತು. ಪ್ರತಿ ಏಟಿಗೂ ಕುಂಕುಮದ ಕಲ್ಲು ಅದುರುತ್ತಿತ್ತು. ಒಡೆದು ಕಲ್ಲೆಲ್ಲ ಹೊರತೆಗೆದರೂ ಒಳಗೆ ಬರೀ ಒದ್ದೆ ಮಣ್ಣು. ಭಟ್ರು ಏದುಸಿರು ಬಿಡುತ್ತ ಹತ್ತಿ ಬಂದರು. ಬಗ್ಗಿ ನೋಡಿ ಹೇಳಿದರು: "ಒತ್ತಡ ತಡೀದೆ ನೀರು ಬೇರೆ ದಾರಿ ಹುಡುಕಿದೆ ಮಾರಾಯ. ಎಲ್ಲಿ ಅಂತ ನಾ ಎಂತ ಹೇಳಲಿ?"

ಆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಬಸ್ಸು ಹತ್ತಿ ಓಡಿಹೋಗುವ ಯೋಚನೆಯೂ ಬಂತು. ಒಂದು ಊರಿಗೆ ನೀರು ಕೊಡಲು ಬಂದು ಇದ್ದ ನೀರನ್ನೂ ಇಂಗಿಸಿದವನು ಯಾವ ಮುಖ ಹೊತ್ತು ಯಲ್ಲಾಪುರದಲ್ಲಿ ಇಳಿಯಬೇಕು? ಪದ್ಮಾ ಫೋನಿನಲ್ಲಿ "ನೀರು ಬಂತಾ?" ಎಂದು ಕೇಳಿದಾಗ ಸಿಗ್ನಲ್ ಇಲ್ಲವೆಂದು ಇಟ್ಟುಬಿಟ್ಟೆ.

ಹುಡುಕಿದವಳು ಆಮಾ. ಬರಿಗಾಲಿನಲ್ಲಿ ಗುಡ್ಡದ ಮೈಯೆಲ್ಲ ತುಳಿದು ತಿರುಗಿ, ಮೂರನೆಯ ಬೆಳಿಗ್ಗೆ ಕೂಗು ಹಾಕಿದಳು. ಹಳೆಯ ಸಂದಿಗಿಂತ ಆಳುದ್ದ ಕೆಳಗೆ, ಹುಲ್ಲಿನ ಬುಡದಲ್ಲಿ ನೆಲ ತಣ್ಣಗಿತ್ತು. ಕೈಯಿಂದಲೇ ಮಣ್ಣು ಸರಿಸಿದೆವು. ಮೊದಲು ಕೆಸರು, ಆಮೇಲೆ ಕದಡಿದ ನೀರು, ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಗಾತ್ರ, ತಿಳಿ. ನಾನು ಅಲ್ಲೇ ಕೂತುಬಿಟ್ಟೆ. ಆಮಾ ಏನೋ ಅಂದಳು, ಎಲ್ಲರೂ ನಕ್ಕರು. ಟೇಕ್ ತಿಳಿಸಿದ: "ನಾಗಪ್ಪ ಎದ್ದು ಹೋಗಿಲ್ಲಂತ್ರಿ. ನಿಮ್ಮ ಕಾಟಕ್ಕ ಒಂಚೂರು ಸರದು ಕುಂತಾನಂತ."

ಈ ಸಲ ಹಿಂದಿನ ಗೋಡೆಗೆ ಬರೀ ಕಲ್ಲು. ಮಣ್ಣು ಇಳಿಯದಂತೆ ಜಲ್ಲಿ ತುಂಬಿದೆ, ಗಾರೆ ಮುಟ್ಟಲಿಲ್ಲ. ಮೇಲೆ ಹಾಸುಗಲ್ಲು ಮುಚ್ಚಿ, ಎಮ್ಮೆ ಬಾರದಂತೆ ಬೇಲಿ ಕಟ್ಟಿದೆವು. ಕುಂಕುಮದ ಕಲ್ಲನ್ನು ಆಮಾ ತಾನೇ ಎತ್ತಿಕೊಂಡು ಬಂದು ಹೊಸ ಜಾಗದಲ್ಲಿ ಇಟ್ಟಳು.

ಆದರೆ ಆಳುದ್ದ ಕೆಳಗೆ ಅಂದರೆ ಆಳುದ್ದ ಕೆಳಗೇ. ನಾನೇ ನೀರು ತುಂಬಿ ಮಟ್ಟ ನೋಡುವ ಸಣ್ಣ ಪೈಪು ಹಿಡಿದು ಹೊಸ ಒರತೆಯಿಂದ ಹಂತ ಹಂತವಾಗಿ ಆಮಾನ ಅಂಗಳದವರೆಗೆ ಬಂದೆ. ಪೈಪಿನಲ್ಲಿ ನೀರು ನಳದ ಬಾಯಿಗಿಂತ ಒಂದು ಗೇಣು ಕೆಳಗೆ ನಿಂತಿತು, ಅಂದರೆ ಒರತೆಯ ನೀರು ಆ ನಳಕ್ಕೆ ಏರದು. ಇನ್ನೊಮ್ಮೆ ಹಿಡಿದೆ. ಅಷ್ಟೇ. ಕಂಬ ಒಡೆದು ಕೆಳಗೆ ಕಟ್ಟೋಣವೆಂದರೆ ಅಂಗಳದ ಕೆಳಗೆ ಕಾಲಿಡಲಾಗದ ಕಡಿದಾದ ಧರೆ.

ಅದನ್ನು ಆಮಾನಿಗೆ ನಾನೇ ಹೇಳಬೇಕೆಂದು ಟೇಕ್‌ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿದೆ. ಅವಳು ಕಂಬವನ್ನು ಒಂದು ಸಲ ನೋಡಿದಳು. "ಪಕ್ಕದ ಮನಿ ನಳ ಏನ್ ದೂರ ಐತಿ ಅಂತಾಳ್ರಿ," ಎಂದ ಟೇಕ್, ತನ್ನ ಮಾತು ಸೇರಿಸದೆ. ಪಕ್ಕದ ಮನೆಯೆಂದರೆ ನಲವತ್ತು ಮೆಟ್ಟಿಲು ಕೆಳಗೆ.

ಹೊರಡುವ ದಿನ ಆಮಾ ನನ್ನ ಹಣೆಗೆ ಅಕ್ಕಿ, ಮೊಸರು, ಕುಂಕುಮ ಕಲೆಸಿ ಹಚ್ಚಿದಳು. ಕೆಳಗಿನ ತಿರುವಿನಿಂದ ತಿರುಗಿ ನೋಡಿದಾಗ ಅವಳು ಗಾಗ್ರಿ ಸೊಂಟಕ್ಕಿಟ್ಟು ಮೆಟ್ಟಿಲು ಇಳಿಯುತ್ತಿದ್ದಳು.

ಬಂದು ವರ್ಷವಾಯಿತು. ನನಗೆ ಈಗ ಒಂದು ಹೆಂಚಿನ ಮನೆ ಇದೆ, ಹೆಂಡತಿ ಇದ್ದಾಳೆ, ಮೂರು ಕರಣೆ ಇವೆ, ಕೈತುಂಬ ಕೆಲಸ ಇದೆ. ಇಲ್ಲಿ ಕಟ್ಟಿದ ಟಾಕಿಗಳಲ್ಲಿ ಒಂದೂ ಸೋರಿಲ್ಲ. ನೇಪಾಳದಲ್ಲಿ ನಾನು ಕಟ್ಟಿದ ನಳದ ಕಂಬ ಏಳು. ನೀರು ಬರುವುದು ಆರರಲ್ಲಿ.