ತಿಕೋಟಾ ಲೈನಿನಲ್ಲಿ ಎಣಿಕೆ

ಹೊಸ ವಸ್ತುವೊಂದನ್ನು ಮನೆಗೆ ತಂದರೆ ನಾನು ಅದನ್ನು ಬಳಸುವುದಿಲ್ಲ, ಪರೀಕ್ಷಿಸುತ್ತೇನೆ. ಇದು ನನ್ನ ಹೆಂಡತಿಯ ದೂರು. ದೂರಿನಲ್ಲಿ ಸುಳ್ಳೇನೂ ಇಲ್ಲ. ಹೊಸ ಛತ್ರಿ ತಂದ ದಿನ ಬಚ್ಚಲಿನಲ್ಲಿ ಬಿಚ್ಚಿ ಹಿಡಿದು ನಿಂತು, ಅವಳ ಕೈಯಿಂದ ಎರಡು ತಂಬಿಗೆ ನೀರು ಸುರಿಸಿಕೊಂಡಿದ್ದೇನೆ. ಹೊಸ ಚಪ್ಪಲಿಯನ್ನು ಎಂಟು ದಿನ ಪಡಸಾಲೆಯಲ್ಲೇ ಮೆಟ್ಟಿ ತಿರುಗಿ, ಕಚ್ಚುವುದಿಲ್ಲ ಎಂದು ಖಾತ್ರಿಯಾದ ಮೇಲೆ ಬೀದಿಗೆ ಇಳಿಸಿದ್ದೇನೆ. "ಲಗ್ನಕ್ಕಿಂತ ಮೊದಲ ನನ್ನ ಹೆಂಗ ಪರೀಕ್ಷಾ ಮಾಡದ ಬಿಟ್ರಿ?" ಎಂದು ಅವಳು ಕೇಳುತ್ತಾಳೆ. ಆಗಿನ್ನೂ ನನಗೆ ಟೆಲಿಫೋನಿನ ನೌಕರಿ ಸಿಕ್ಕಿರಲಿಲ್ಲ ಎಂಬುದೊಂದೇ ನನ್ನ ಉತ್ತರ.

ಹಾಗೆ ನೋಡಿದರೆ ಪರೀಕ್ಷೆ ಮಾಡದವರು ಯಾರಿದ್ದಾರೆ? ನಮ್ಮ ವಿಜಾಪುರದ ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರನ್ನು ನೋಡಬೇಕು. ಬೆರಳ ಗೆಣ್ಣಿನಿಂದ ಬಾರಿಸಿ, ಕಿವಿಯಿಟ್ಟು ಕೇಳಿ, ಮುಖ ಸಿಂಡರಿಸಿ ಕೆಳಗಿಡುತ್ತಾರೆ. ಕುಂಬಾರ "ಯವ್ವಾ, ಗಡಿಗಿ ಕೊಳ್ಳಾಕ ಬಂದೀಯೋ, ತಬಲಾ ಕೊಳ್ಳಾಕ ಬಂದೀಯೋ?" ಎಂದರೂ ಬಿಡುವುದಿಲ್ಲ. ಇನ್ನು ನಮ್ಮ ಗೋಳಗುಮ್ಮಟ. ಈ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಗೋಡೆಗೆ ಕಿವಿಗೊಟ್ಟವನಿಗೆ ಕೇಳುತ್ತದೆ; ಕಂಬ ಬೇಡ, ತಾರು ಬೇಡ. ನೋಡಲು ಬಂದವರೆಲ್ಲ ಕಟ್ಟಿಸಿದ ಬಾದಶಹನ ಹೆಸರು ಕೇಳುತ್ತಾರೆ. ನನಗೆ ತಿಳಿಯಬೇಕಾದದ್ದು ಬೇರೆ. ಕಟ್ಟಡ ಮುಗಿದ ದಿನ ಅಲ್ಲಿ ಮೊಟ್ಟಮೊದಲು ಪಿಸುಗುಟ್ಟಿದವರು ಯಾರು? ಬಾದಶಹನಂತೂ ಇರಲಾರ. ಯಾವನೋ ಗಾರೆ ಕೆಲಸದವನು ಇರಬೇಕು. ಆಚೆ ಬದಿಗೆ ಕಲ್ಲು ಹೊರುವ ಅವನ ಹೆಂಡತಿ ಇದ್ದಿರಬೇಕು. ಅವನು ಏನಂದ, ಅವಳು ಏನು ಕೇಳಿಸಿಕೊಂಡಳು, ಯಾವ ಪುಸ್ತಕದಲ್ಲೂ ಇಲ್ಲ. ದೊಡ್ಡವರು ಬಂದು ಉದ್ಘಾಟನೆ ಮಾಡುವ ಮೊದಲು ಆಡಿದ ಮಾತನ್ನು ಯಾರೂ ಬರೆದಿಡುವುದಿಲ್ಲ.

ನಾನು ಬರೆದಿಡುತ್ತಿದ್ದೆ. ಅದೇ ನನ್ನ ಕೆಲಸ. ಎಪ್ಪತ್ತರ ದಶಕದ ನಡುವೆ ತಿಕೋಟಾಕ್ಕೂ ಬಬಲೇಶ್ವರಕ್ಕೂ ವಿಜಾಪುರದಿಂದ ಹೊಸ ಲೈನು ಎಳೆದಾಗ, ಸಾರ್ವಜನಿಕರಿಗೆ ಬಿಡುವ ಮೊದಲು ಅದನ್ನು ಪರೀಕ್ಷಿಸಲು ನನ್ನನ್ನು ತಿಕೋಟಾಕ್ಕೆ ಹಾಕಿದರು. ಬಬಲೇಶ್ವರದ ತುದಿಗೆ ನನ್ನ ಗೆಳೆಯ ಚನ್ನಪ್ಪ. ನಡುವೆ ವಿಜಾಪುರದಲ್ಲಿ ನಮ್ಮಿಬ್ಬರ ಸಾಹೇಬರು. ಅವರು ಬೇಕೆಂದಾಗ ಲೈನಿಗೆ ಕಿವಿಗೊಟ್ಟು ಕೇಳಬಹುದಿತ್ತು. ನಿಯಮ ಸರಳ. ಈ ತುದಿಯವರು ಒಂದರಿಂದ ಇಪ್ಪತ್ತರವರೆಗೆ ಎಣಿಸಬೇಕು, ಆ ತುದಿಯವರು ಕೇಳಬೇಕು; ಆಮೇಲೆ ಅವರು ಎಣಿಸಬೇಕು, ಇವರು ಕೇಳಬೇಕು. ಪಕ್ಕದಲ್ಲಿ ಮೀಟರಿನ ಮುಳ್ಳು ಏಳುವುದನ್ನೂ ಬೀಳುವುದನ್ನೂ ನೋಡಿ, ಹಾಳೆಯಲ್ಲಿ 'ಸ್ಪಷ್ಟ' ಅಥವಾ 'ಕಡಿಯುತ್ತದೆ' ಎಂದು ಬರೆಯಬೇಕು. ಎಣಿಕೆ ಮತ್ತು ಕೆಲಸದ ಸೂಚನೆ ಬಿಟ್ಟು ಬೇರೆ ಒಂದು ಮಾತೂ ಆಡುವಂತಿಲ್ಲ. ಈ ನಿಯಮವನ್ನು ನಾನು ದೇವರ ಮಾತಿನಂತೆ ಪಾಲಿಸುತ್ತಿದ್ದೆ. ಚನ್ನಪ್ಪ ಒಮ್ಮೆ ಹತ್ತು ಹನ್ನೊಂದರ ನಡುವೆ "ಊಟಾ ಆತೇನೋ?" ಎಂದದ್ದಕ್ಕೆ ಮೂರು ದಿನ ಅವನಿಗೆ ಬುದ್ಧಿ ಹೇಳಿದೆ.

ತೊಂದರೆ ಬಂದದ್ದು ಹೆಣ್ಣುಧ್ವನಿಗೆ. ಗಂಡಸರ ದಪ್ಪ ಧ್ವನಿ ಎಂಥ ತಾರಿನಲ್ಲೂ ಹೇಗೋ ದಾಟುತ್ತದೆ, ಸಣ್ಣ ಧ್ವನಿಯಲ್ಲಿ ಪರೀಕ್ಷಿಸಿದರೇ ಲೈನಿನ ಯೋಗ್ಯತೆ ತಿಳಿಯುವುದು ಎಂದು ಸಾಹೇಬರ ಅಪ್ಪಣೆ. ತಿಕೋಟಾದ ಹೆಂಗಸರು ನನ್ನ ಕೋಣೆಯ ಬಾಗಿಲವರೆಗೆ ಬಂದು, ಕರಿ ಫೋನನ್ನು ನೋಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತ ಓಡಿಹೋಗುತ್ತಿದ್ದರು. ಕಾಣದ ಗಂಡಸಿನ ಕಿವಿಯಲ್ಲಿ ಮಾತಾಡುವುದೆಂದರೇನು!

ಹಾಗಿರುವಾಗ ಒಂದು ಮಧ್ಯಾಹ್ನ ನೀಲವ್ವ ತಾನಾಗಿ ಒಳಗೆ ಬಂದಳು. ದ್ರಾಕ್ಷಿ ಪಡಕ್ಕೆ ಕೂಲಿಗೆ ಹೋಗುವವಳು, ಮನೆಯಲ್ಲಿ ನಾಲ್ಕು ಆಡು ಕಟ್ಟಿಕೊಂಡ ವಿಧವೆ. ನೆಟ್ಟಗೆ ನನ್ನೆದುರು ಕುಳಿತು, "ಹೆಣ್ಣಧ್ವನಿ ಬೇಕಂತಲ್ರಿ? ನಾ ಎಣಸ್ತೇನಿ" ಎಂದಳು. ನಾನು ಹಿಗ್ಗಿಹೋದೆ. ಆಮೇಲೆ ಮೆಲ್ಲಗೆ, "ಬಬಲೇಶ್ವರದಾಗೂ ಒಂದು ಹೆಣ್ಣಧ್ವನಿ ಬೇಕಲ್ಲ? ಅಲ್ಲಿ ನಮ್ಮ ಕಮಲಿನ ಕರಸ್ರಿ. ಆಕಿ ಧ್ವನಿ ಬಾಳ ಸಣ್ಣದೈತಿ" ಎಂದಳು.

ಕಮಲಿ ಅವಳ ಒಬ್ಬಳೇ ಮಗಳು. ನೀಲವ್ವನಿಗೆ ಅವಳನ್ನು ತನ್ನ ತಮ್ಮನಿಗೆ ಕೊಡುವ ಆಸೆ. ಮಗಳು ಸೋದರಮಾವನನ್ನು ಒಲ್ಲೆನೆಂದು ಬಬಲೇಶ್ವರದ ಹುಡುಗನನ್ನು ಮಾಡಿಕೊಂಡಳು. ಸಿಟ್ಟಿನಲ್ಲಿ ನೀಲವ್ವ ಮನೆದೇವರ ಮುಂದೆ ಅರಿಸಿನದ ಭಂಡಾರ ಮುಟ್ಟಿ ಆಣೆ ಮಾಡಿದಳು: ಇನ್ನು ನಿನ್ನ ಮುಖ ನೋಡುವುದಿಲ್ಲ. ಅದಾಗಿ ನಾಲ್ಕು ವರ್ಷ. ಸಿಟ್ಟು ಎಂದೋ ಇಳಿದಿತ್ತು. ಆದರೆ ದೇವರ ಮುಂದೆ ಮಾಡಿದ ಆಣೆ ಇಳಿಯುವುದಿಲ್ಲವಲ್ಲ.

"ಮಾರಿ ನೋಡಂಗಿಲ್ಲ ಅಂತ ಆಣಿ ಮಾಡೇನ್ರಿ. ಧ್ವನಿ ಕೇಳಂಗಿಲ್ಲ ಅಂತ ಮಾಡಿಲ್ಲ," ಎಂದಳು. "ನೀವು ಈ ತಾರಾ ಎಳ್ಯಾಕತ್ತಾಗಿಂದ ನಾ ಇದನ್ನ ವಿಚಾರ ಮಾಡಾಕತ್ತೇನಿ. ದೇವ್ರೂ ಏನೂ ಅನ್ನಂಗಿಲ್ಲ."

ಯಾವ ವಕೀಲನಿಗೂ ಹೊಳೆಯದ ದಾರಿ. ನನಗೆ ನಗು ಬಂತು, ಸಂತೋಷವೂ ಆಯಿತು. ಆದರೂ ನಿಯಮ ಹೇಳಿದೆ: "ಯವ್ವಾ, ಬರೇ ಎಣಸಬೇಕು. ಮಾತಾಡಂಗಿಲ್ಲ ನೋಡ ಮತ್ತ."

"ಒಂದ ಮಾತು, ತಮ್ಮಾ. ಮನಿಗಿ ಬಾ ಅಂತೇನಿ. ಆಕಿ ತಾನಾಗಿ ಬಂದ್ರ ನಾ ಕಣ್ಣ ಮುಚಗೊಂಡು ಕುಂದರ್ತೇನಿ."

"ಆಗಂಗಿಲ್ಲಬೇ. ಸಾಹೇಬ್ರು ಕೇಳಾಕತ್ತಿರ್ತಾರ. ಲೈನ್ ಚಾಲೂ ಆದ ದಿನಾ, ದೊಡ್ಡವರ ಕರೆ ಮುಗದ ಮ್ಯಾಲ ಮೊದಲನೇ ಪಾಳಿ ನಿಂದ. ಮೂರು ಮಿನಿಟ ಎದಿ ತುಂಬ ಮಾತಾಡು."

ಈಗ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಅಂದು ಸಾಹೇಬರು ಕೇಳುತ್ತಿರಲಿಲ್ಲ. ಅವರು ಬೆಳಗಿನ ಬಸ್ಸಿಗೆ ಸೊಲ್ಲಾಪುರಕ್ಕೆ ಹೋಗಿದ್ದರು, ಮತ್ತು ಅದು ನನಗೆ ಗೊತ್ತಿತ್ತು. ಒಂದು ಮಾತು ಬಿಡಬಹುದಿತ್ತು. ಬಿಡಲಿಲ್ಲ.

ಚನ್ನಪ್ಪ ಹೋಗಿ ಕಮಲಿಯನ್ನು ಕರೆತಂದ. ಲೈನಿಗೆ ತಿಕೋಟಾದಿಂದ ಯಾರು ಬರುತ್ತಾರೆಂದು ಅವಳಿಗೆ ಹೇಳಿರಲಿಲ್ಲ. ಹೇಳುವುದೂ ಮಾತೇ ಅಲ್ಲವೇ? "ಮುಳ್ಳಿನ ಮ್ಯಾಲಿಂದ ಕಣ್ಣ ತಗೀಬ್ಯಾಡ" ಎಂದು ಅವನಿಗೆ ತಾಕೀತು ಮಾಡಿ, ನೀಲವ್ವನ ಕೈಗೆ ಫೋನು ಕೊಟ್ಟೆ. ಅವಳು ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು: "ಲಾಭ, ಎರಡು, ಮೂರು..."

ನಮ್ಮಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಟೆಲಿಫೋನಿಗೂ ಅದೇ ಶಾಸ್ತ್ರವೇ? "ಒಂದು ಅನ್ನಬೇಕಬೇ" ಎಂದು ನಾನು ಸನ್ನೆ ಮಾಡಿದರೂ ಅವಳು ಲಕ್ಷ್ಯ ಕೊಡದೆ ಇಪ್ಪತ್ತರವರೆಗೆ ಎಣಿಸಿ ಮುಗಿಸಿದಳು. ಆ ತುದಿಯಿಂದ ಎಣಿಕೆ ಶುರುವಾಗಲಿಲ್ಲ. ನನ್ನ ಕಿವಿಗೂ ಒಂದು ಕೇಳುವ ಕೊಳವೆ ಇತ್ತು. ಲೈನು ಸತ್ತಿತೋ ಏನೋ ಎಂದುಕೊಳ್ಳುವಷ್ಟರಲ್ಲಿ ಸಣ್ಣದೊಂದು ಧ್ವನಿ ಬಂತು: "ಲಾಭ... ಎರಡು..."

ನೀಲವ್ವ ಕಣ್ಣು ಮುಚ್ಚಿಕೊಂಡು ಕೇಳಿದಳು. ಒಂಬತ್ತರ ಬಳಿ ಧ್ವನಿ ನಿಂತಿತು. ಮತ್ತೆ ಹತ್ತು. ಹನ್ನೆರಡರ ಬಳಿ ಇನ್ನೊಮ್ಮೆ ನಿಂತಿತು. "ಮುಳ್ಳು ಎರಡು ಸಲ ಬಿತ್ತು" ಎಂದು ಚನ್ನಪ್ಪನ ವರದಿ. ನಾನು ಹಾಳೆಯಲ್ಲಿ 'ಹೆಣ್ಣುಧ್ವನಿ: ನಡುನಡುವೆ ಕಡಿಯುತ್ತದೆ. ತಾರು ತಪಾಸಣೆ ಆಗಬೇಕು' ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಮರುದಿನ ನಮ್ಮ ಲೈನ್‌ಮನ್ ತೊರವಿಯಿಂದ ತಿಕೋಟಾದವರೆಗೆ ಬಿಸಿಲಲ್ಲಿ ಕಂಬ ಕಂಬ ಹತ್ತಿ ಇಳಿದು, "ತಾರಿಗೇನೂ ಆಗಿಲ್ರಿ, ಛಲೋ ಐತಿ" ಎಂದ. ನಾನು ಅವನ ಮೇಲೇ ರೇಗಿ ಇನ್ನೊಮ್ಮೆ ಹತ್ತಿಸಿದೆ. ಒಬ್ಬ ಮಗಳು ಅಳು ನುಂಗಿಕೊಂಡದ್ದನ್ನು ನಾವು ಕಂಬದ ಮೇಲೆ ಹುಡುಕುತ್ತಿದ್ದೆವು. ಇಂಥ ಶಾಣ್ಯಾರು ನಾವು!

ಉದ್ಘಾಟನೆಗೆ ಬರಬೇಕಾದ ದೊಡ್ಡವರಿಗೆ ಪುರುಸೊತ್ತು ಸಿಗಲಿಲ್ಲ. ದಿನ ಮುಂದಕ್ಕೆ ಹೋಯಿತು, ಮತ್ತೂ ಮುಂದಕ್ಕೆ ಹೋಯಿತು. ನೀಲವ್ವ ಪಡದಿಂದ ಬರುವಾಗ ದಿನಾ ಬಾಗಿಲಲ್ಲಿ ನಿಂತು, "ಯಾವಾಗ ತಮ್ಮಾ?" ಎನ್ನುವಳು. "ಇನ್ನೇನು, ನಾಳೆ ನಾಡದು" ಎನ್ನುತ್ತಿದ್ದೆ. ಒಂದು ಬೆಳಿಗ್ಗೆ ಪರೀಕ್ಷೆಯ ಹೊತ್ತಿಗೆ ಚನ್ನಪ್ಪ ಎಣಿಸಲಿಲ್ಲ.

"ಎಣಸೋ," ಎಂದೆ.

"ಕಮಲವ್ವ ಹೋದ್ಳೋ," ಎಂದ. "ಮೂರ ದಿನದ ಜ್ವರ. ಮುಂಜಾನೆ ಹೋಗ್ಯಾಳ. ಅವರವ್ವಗ ನೀನ ಹೇಳು."

ಆ ಲೈನಿನಲ್ಲಿ ದಾಟಿದ ಮೊದಲ ಸುದ್ದಿ ಅದು. ಒಂದಕ್ಷರವೂ ಮುಕ್ಕಾಗದಂತೆ ಸ್ಪಷ್ಟವಾಗಿ ಕೇಳಿತು. ನಾನು ಪಡದವರೆಗೆ ನಡೆದುಹೋಗಿ ನೀಲವ್ವನಿಗೆ ಹೇಳಿದೆ. ಹೇಗೆ ಹೇಳಿದೆ ಎಂದು ಕೇಳಬೇಡಿ. ಅವಳು ಕೂಗಲಿಲ್ಲ. ಬಳ್ಳಿಯ ಕಂಬ ಹಿಡಿದುಕೊಂಡಳು. "ನಡಿ, ಬಸ್ ಹತ್ತಿಸು. ಮಾರಿ ನೋಡಾಕ ಹೊಂಟೇನಿ. ದೇವ್ರು ಏನರ ಅಂದಕೊಳ್ಳಲಿ," ಎಂದಳು.

ಹದಿನೈದು ದಿನ ಕಳೆದು ದೊಡ್ಡವರು ಬಂದರು. ಹಾರ, ಭಾಷಣ, ಪೇಢೆ ಎಲ್ಲ ಆಯಿತು. ಅವರು ವಿಜಾಪುರದ ಇನ್ನೊಬ್ಬ ದೊಡ್ಡವರಿಗೆ ಫೋನು ಮಾಡಿ, "ಹಲೋ, ಕೇಳಿಸುತ್ತದೆಯೇ?" ಎಂದರು, ಅವರು "ಕೇಳಿಸುತ್ತದೆ" ಎಂದರು, ಚಪ್ಪಾಳೆ ಬಿತ್ತು. ಜನ ಪೇಢೆಯ ಕಡೆಗೆ ಸರಿದಾಗ ನೀಲವ್ವ ನನ್ನೆದುರು ಬಂದು ನಿಂತಳು. ಅವಳು ಬಾರದಿರಲಿ ಎಂದು ನಾನು ಬೆಳಗಿನಿಂದ ಬೇಡಿಕೊಂಡಿದ್ದೆ.

"ಮೊದಲನೇ ಪಾಳಿ ನಂದಂದಿದ್ದಿ, ತಮ್ಮಾ."

"ಯಾರ ಕೂಡ ಮಾತಾಡ್ತೀಬೇ?" ಎಂದೆ.

"ನಿನ್ನ ಗೆಳೆಯಾ ಅದಾನಲ್ಲ, ಆ ಚನ್ನಪ್ಪನ ಕೂಡ."

ಕರೆ ಕೂಡಿಸಿಕೊಟ್ಟೆ. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದಳು: "ಯಪ್ಪಾ, ನಾ ಹೋಗೂದ್ರಾಗ ಆಕಿ ಕಣ್ಣ ಮುಚ್ಚಿದ್ಳು. ಈಗ ಕಣ್ಣ ಮುಚ್ಚಿದ್ರ ನನಗ ಆ ಮಾರೀನ ಕಾಣತೈತಿ. ಅವತ್ತ ಎಣಸಾಕ ಬಂದಾಗ ಆಕಿ ನಿನ್ನ ಮುಂದ ಕುಂತಿದ್ಳಲ್ಲ? ನನ್ನ ಧ್ವನಿ ಕೇಳಿದಾಗ ಆಕಿ ಮಾರಿ ಹೆಂಗಿತ್ತು?"

ಕೊಳವೆ ನನ್ನ ಕಿವಿಯಲ್ಲೂ ಇತ್ತು. ಚನ್ನಪ್ಪ ತುಸು ತಡೆದು ಹೇಳಿದ: "ನಗಾಕತ್ತಿದ್ರು, ಯವ್ವಾ. ಕಣ್ಣಾಗ ನೀರಿತ್ತು, ಖರೆ ನಗಾಕತ್ತಿದ್ರು. ನಮ್ಮವ್ವ, ನಮ್ಮವ್ವ ಅಂತ ಬಾಯಾಗ ಅಂದ್ಕೊಂಡ್ರು. ಮಾರಿ ಹಿಂಗ ಹೊಳ್ಯಾಕತ್ತಿತ್ತು."

"ನಗಾಕತ್ತಿದ್ಳಂತ," ಎಂದು ನೀಲವ್ವ ನನಗೆ ಹೇಳಿದಳು, ನಾನು ಕೇಳಿಲ್ಲವೇನೋ ಎಂಬಂತೆ. ಮೂರು ಮಿನಿಟಿನಲ್ಲಿ ಒಂದು ಮಿನಿಟೂ ಆಗಿರಲಿಲ್ಲ. ಫೋನನ್ನು ಮೆಲ್ಲಗೆ ನನ್ನ ಕೈಗಿಟ್ಟು, ಸೆರಗು ತಲೆಗೆ ಎಳೆದುಕೊಂಡು ಹೊರಟುಹೋದಳು.

ಆ ವಾರ ವಿಜಾಪುರದಲ್ಲಿ ಚನ್ನಪ್ಪ ಸಿಕ್ಕ. ಸೊಲ್ಲಾಪುರ ರಸ್ತೆಯ ಚಹಾದ ಅಂಗಡಿಯಲ್ಲಿ ಎದುರುಬದುರು ಕುಳಿತೆವು. ಬಸಿಯಲ್ಲಿ ಹೊಯ್ದುಕೊಂಡ ಚಹಾ ಆರಿಹೋದರೂ ಅವನು ಕುಡಿಯಲಿಲ್ಲ. "ನಾ ಆಕಿ ಮಾರೀನ ನೋಡಿರಲಿಲ್ಲೋ," ಎಂದ. "ನೀನ ಹೇಳಿದ್ದಿಯಲ್ಲಾ, ಮುಳ್ಳಿನ ಮ್ಯಾಲಿಂದ ಕಣ್ಣ ತಗೀಬ್ಯಾಡ ಅಂತ. ನಾ ಮುಳ್ಳು ನೋಡಾಕತ್ತಿದ್ದೆ."

 ಇದನ್ನು ನಾನು ಅಂದಿನಿಂದ ಇಂದಿನವರೆಗೆ ಯಾರಿಗೂ ಹೇಳಿಲ್ಲ. ವರದಿ ಬರೆಯದೆ ನಾನು ಉಳಿಸಿಕೊಂಡ ದೋಷ ಅದೊಂದೇ. ನಿಮಗೇಕೆ ಹೇಳಿದೆನೋ ತಿಳಿಯದು. ನೀಲವ್ವ ಇನ್ನೂ ಗಟ್ಟಿಯಾಗಿದ್ದಾಳೆ. ನೀವೇನಾದರೂ ತಿಕೋಟಾ ಕಡೆ ಹೋದರೆ, ಅವಳು ಸಿಕ್ಕು ಮಗಳು ನಕ್ಕ ಸುದ್ದಿ ಹೇಳಿದರೆ, ಮೊದಲ ಸಲ ಕೇಳಿದಂತೆ ಕೇಳಿ ಬನ್ನಿ.