ಊರಿನ ಸೀದಾ, ಇಲ್ಲಿಯ ಸೀದಾ

ಅರಬ್ ದೇಶದ ಮರುಭೂಮಿಯಲ್ಲಿ ಒಬ್ಬನೇ ಕಾರಿನಲ್ಲಿ ತಬೂಕ್ ಪಟ್ಟಣಕ್ಕೆ ಹೊರಟ ನಾನು ಪೆಟ್ರೋಲ್ ಪಂಪಿನ ಪಕ್ಕದ ಚಹಾದಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಮುಂದೆ ದಾರಿ ಯಾವುದು? ಅಂಗಡಿಯ ಹಮೀದಾಕ ಪುತ್ತೂರಿನವರು. ನನ್ನ ಕನ್ನಡ ಕೇಳಿದ್ದೇ ತಡ, ಶುರು ಮಾಡಿದರು.

"ನೀರು ಉಂಟಾ? ಟಯರಿನ ಗಾಳಿ ನೋಡಿದ್ರಾ? ಒಂಟೆ ಕಂಡ್ರೆ ಹಾರ್ನ್ ಹಾಕಿ ನುಗ್ಗಬೇಡಿ, ಅದು ನಮ್ಮೂರ ದನ ಅಲ್ಲ. ಒಬ್ಬರೇ ಎಂತಕ್ಕೆ ಹೊರಟದ್ದು?"

ಬೆಳಿಗ್ಗೆಯಿಂದ ಭಾವನದ್ದೂ ಆಫೀಸಿನವರದ್ದೂ ಇದೇ ಉಪದೇಶ. ನನಗೆ ರೇಗಿತು.

"ದಾರಿ ಹೇಳಿ ಮಾರಾಯ್ರೇ!"

"ಸೀದಾ."

"ನಿಮ್ಮೂರಿನ ಸೀದಾ ನನಗೆ ಗೊತ್ತುಂಟು. ಸೀದಾ ಹೋಗಿ ಅಂತೀರಿ, ಮತ್ತೆ ಮಸೀದಿ ಹತ್ರ ಎಡಕ್ಕೆ, ಹೊಳೆಯ ಸಂಕ ದಾಟಿ ಬಲಕ್ಕೆ."

"ಇದು ಆ ಸೀದಾ ಅಲ್ಲ. ಇಲ್ಲಿ ತಿರುವೇ ಇಲ್ಲ, ಅದಕ್ಕೇ ನಿದ್ದೆ ಬರುವುದು. ನಿಮಗೆ ಪದ್ಯ ಹೇಳ್ಲಿಕ್ಕೆ ಬರ್ತದಾ?"

"ಇಲ್ಲ."

"ಹಾಗಾದ್ರೆ ಯಾರಿಗಾದ್ರೂ ಬೈತಾ ಹೋಗಿ. ಕಣ್ಣು ಮುಚ್ಚುದಿಲ್ಲ."

ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ರಸ್ತೆ ಹಗ್ಗ ಎಳೆದು ಕಟ್ಟಿದ ಹಾಗಿತ್ತು. ಸ್ವಲ್ಪ ಹೊತ್ತಿಗೇ ರೆಪ್ಪೆ ಭಾರವಾಯಿತು. ಕಿಟಕಿ ಇಳಿಸಿ, ತಬೂಕ್ ಮುಟ್ಟುವ ತನಕ ಗಟ್ಟಿ ಸ್ವರದಲ್ಲಿ ಹಮೀದಾಕನಿಗೇ ಬೈದೆ.