ನನ್ನ ಮೂಗು, ಅತ್ತಿಗುಪ್ಪೆಯ ಗೀಸರ್

ವಿಜಯನಗರದಲ್ಲಿ ಮೊಟ್ಟಮೊದಲ ಗ್ಯಾಸ್ ಗೀಸರ್ ಕೂರಿಸಿದವನು ನಾನೇ. ಕಣ್ಣಾರೆ ನೋಡಿದವರು ಯಾರೂ ಈಗ ಬದುಕಿಲ್ಲ, ಅದು ನನ್ನ ತಪ್ಪಲ್ಲ.

ಹೋದ ವರ್ಷ ಅತ್ತಿಗುಪ್ಪೆಯ ಒಂದು ಮನೆಗೆ ನಲ್ಲಿ ರಿಪೇರಿಗೆ ಹೋಗಿದ್ದೆ. ಗೇಟಿನ ಹತ್ತಿರವೇ ವಿಷಗಾಳಿಯ ವಾಸನೆ ನನ್ನ ಮೂಗಿಗೆ ಬಡಿಯಿತು. ಒಳಗೆ ಬಚ್ಚಲಲ್ಲಿ ಸೊಸೆ ಎಣ್ಣೆಸ್ನಾನ ಮಾಡ್ತಿದ್ದಾಳೆ, ಕೂಗಿದರೆ ಉತ್ತರವೇ ಇಲ್ಲ. ನಾನು ಒದ್ದ ಒಂದೇ ಏಟಿಗೆ ಬಾಗಿಲು ಚೌಕಟ್ಟಿನ ಸಮೇತ ಕಿತ್ತು ಬಂತು. ಅತ್ತೆ ಸೀರೆ ಸುತ್ತಿ ಹೊರಗೆಳೆದ ಮೇಲೆ, ಗಾಳಿ ತಗುಲಿ ಹುಡುಗಿ ಕಣ್ಣು ಬಿಟ್ಟಳು.

ಬಚ್ಚಲೊಳಗೇ ಗೀಸರ್ ಉರೀತಿದೆ, ಗೋಡೆಯ ಕಿಂಡಿಗೆ ಸಿಮೆಂಟು ಮೆತ್ತಿದೆ!

"ಇದನ್ನ ಯಾಕೆ ಸಾರ್ ಮುಚ್ಚಿದ್ರಿ?" ಅಂದೆ.

"ನೈರುತ್ಯದಲ್ಲಿ ತೂತಿದ್ರೆ ಲಕ್ಷ್ಮಿ ಹೊರಟುಹೋಗ್ತಾಳಂತೆ," ಅಂದರು ಯಜಮಾನರು.

"ನಿಮ್ಮ ಲಕ್ಷ್ಮಿ ಒಳಗೇ ಇದಾಳೆ ಸಾರ್, ಸೊಸೇನೇ ಹೊರಟುಹೋಗ್ತಿದ್ಲು!"

ಅವತ್ತೇ ಕಿಂಡಿ ಒಡೆದು, ಗೀಸರನ್ನು ಹೊರಗಿನ ಗೋಡೆಗೆ ಹಾಕಿ ಬಂದೆ.

ಮೊನ್ನೆ ಪಾರ್ಕಿನಲ್ಲಿ ಇದನ್ನು ಹೇಳುವಾಗ, ಪಕ್ಕದಲ್ಲಿ ಕೂತಿದ್ದ ಟೀಚರಮ್ಮ ನಕ್ಕುಬಿಟ್ಟರು.

"ತಾತ, ಆ ವಿಷಗಾಳಿಗೆ ವಾಸನೇನೇ ಇರಲ್ಲ. ಅದಕ್ಕೇ ಜನ ಗೊತ್ತಾಗ್ದೆ ಸಾಯೋದು."

"ನಿಮ್ಮ ಮೂಗಿಗೆ ಇರಲ್ಲ ತಾಯಿ," ಅಂತ ಭುಜ ಕುಣಿಸಿ ಎದ್ದೆ.